ರಜೆ ಬಂತು, ಡ್ಯೂಟಿ ಯಾರ ಪಾಲಿಗೆ? ಮಹಿಳಾ ವೈದ್ಯರ ಮುಂದಿರುವ ಲೆಕ್ಕ

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಸಂಬಳ ಕಡಿತ ಇಲ್ಲ. ನವೆಂಬರ್‌ನಲ್ಲಿ ಆದೇಶ ಹೊರಬಿತ್ತು. ಡಿಸೆಂಬರ್ 9ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅದೇ ದಿನ ಆ ತಡೆಯನ್ನು ಹಿಂಪಡೆಯಿತು. ಮೊದಲ ಸುದ್ದಿ ಓದಿದವರು ರಜೆ ಹೋಯಿತು ಅಂದುಕೊಂಡರು. ಆಮೇಲಿನದನ್ನು ಓದಿದವರು ಉಳಿಯಿತು ಅಂದುಕೊಂಡರು.

ಮಹಿಳಾ ವೈದ್ಯರ ಮಟ್ಟಿಗೆ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ಎಂ.ಎಸ್. ಓದುತ್ತಿರುವ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿನಿ), ಗದಗ ಜಿಲ್ಲೆಯಲ್ಲಿ ಗುತ್ತಿಗೆ ಮೇಲಿರುವ ವೈದ್ಯಾಧಿಕಾರಿ, ಧಾರವಾಡದ ಖಾಸಗಿ ಆಸ್ಪತ್ರೆಯ ಕನ್ಸಲ್ಟೆಂಟ್ (ತಜ್ಞ ವೈದ್ಯೆ), ರಾಣೆಬೆನ್ನೂರಿನಲ್ಲಿ ಸ್ವಂತ ನರ್ಸಿಂಗ್ ಹೋಮ್ ನಡೆಸುವವರು, ಇವರೆಲ್ಲ ರೋಗಿಯ ಕಣ್ಣಿಗೆ ಒಂದೇ: ಲೇಡಿ ಡಾಕ್ಟರ್. ಕಾನೂನಿನ ಕಣ್ಣಿಗೆ ಮಾತ್ರ ನಾಲ್ವರೂ ಬೇರೆ ಬೇರೆ. ಆದೇಶ ಯಾರಿಗೆ ತಾಗುತ್ತದೆ, ಯಾರಿಗೆ ತಾಗುವುದಿಲ್ಲ ಎಂಬುದು ಮೊದಲ ಪ್ರಶ್ನೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಒಬ್ಬ ವೈದ್ಯೆ ರಜೆ ಹಾಕಿದ ದಿನ ಅವಳ ಜಾಗದಲ್ಲಿ ನಿಲ್ಲುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ವೈದ್ಯೆಯರಿಗೆ ‘ನಿಮ್ಮ ಆರೋಗ್ಯ ನೋಡಿಕೊಳ್ಳಿ’ ಎಂದು ಹೇಳುವುದರಲ್ಲಿ ಅರ್ಥ ಕಡಿಮೆ.

ಆದೇಶದಲ್ಲಿ ಇರುವುದೇನು

18ರಿಂದ 52 ವರ್ಷದೊಳಗಿನ ದುಡಿಯುವ ಹೆಣ್ಣುಮಕ್ಕಳಿಗೆ ಈ ರಜೆ. ಕಾಯಂ ಇರಲಿ, ಗುತ್ತಿಗೆ ಇರಲಿ, ಹೊರಗುತ್ತಿಗೆ ಇರಲಿ, ಭೇದವಿಲ್ಲ. ವೈದ್ಯಕೀಯ ಪ್ರಮಾಣಪತ್ರ ಕೇಳುವಂತಿಲ್ಲ. ಆ ತಿಂಗಳ ರಜೆಯನ್ನು ಆ ತಿಂಗಳೇ ಬಳಸಬೇಕು, ಕೂಡಿಡುವಂತಿಲ್ಲ.

ಕಾರ್ಮಿಕ ಇಲಾಖೆಯ ಆದೇಶ ಐದು ಕಾಯ್ದೆಗಳ ಕೆಳಗೆ ಬರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ: ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ತೋಟ, ಬೀಡಿ-ಸಿಗಾರ್, ಮೋಟಾರು ಸಾರಿಗೆ. ರಾಜ್ಯ ಸರ್ಕಾರಿ ನೌಕರರಿಗೆ ಡಿಸೆಂಬರ್ ಆರಂಭದಲ್ಲಿ ಬೇರೆಯೇ ಆದೇಶ ಬಂತು. ಹೈಕೋರ್ಟಿಗೆ ಹೋದ ಹೋಟೆಲ್ ಮಾಲೀಕರ ಸಂಘದ ತಕರಾರು ಮುಖ್ಯವಾಗಿ ಇದು: ಆ ಕಾಯ್ದೆಗಳಲ್ಲಿ ರಜೆಗಳ ಪಟ್ಟಿ ಈಗಾಗಲೇ ಇದೆ, ಮುಟ್ಟಿನ ರಜೆ ಅದರಲ್ಲಿಲ್ಲ, ಕಾಯ್ದೆ ತಿದ್ದದೆ ಬರೀ ಆದೇಶದಿಂದ ಹೊಸ ರಜೆ ಸೇರಿಸಲು ಬರುತ್ತದೆಯೇ?

ಈ ರಜೆ ದೇಶಕ್ಕೆ ಹೊಸದೇನೂ ಅಲ್ಲ. ಬಿಹಾರ 1992ರಲ್ಲೇ ಸರ್ಕಾರಿ ನೌಕರಿಯ ಹೆಣ್ಣುಮಕ್ಕಳಿಗೆ ತಿಂಗಳಿಗೆ ಎರಡು ದಿನ ಕೊಟ್ಟಿತ್ತು. ಒಡಿಶಾ 2024ರಲ್ಲಿ ಒಂದು ದಿನ ಘೋಷಿಸಿತು. ಖಾಸಗಿ ವಲಯವನ್ನೂ ಇಷ್ಟು ಅಗಲವಾಗಿ ಒಳಗೆ ತಂದದ್ದು ಕರ್ನಾಟಕದ ಹೆಜ್ಜೆ.

ಬಿಳಿ ಕೋಟು ಒಂದೇ, ಕಾನೂನು ಬೇರೆ ಬೇರೆ

ಸರ್ಕಾರಿ ಆಸ್ಪತ್ರೆಯ ಕಾಯಂ ವೈದ್ಯೆಗೆ ದಾರಿ ಸಾಕಷ್ಟು ಸ್ಪಷ್ಟ. ಅವರು ರಾಜ್ಯ ಸರ್ಕಾರಿ ನೌಕರರು, ಅವರ ಆದೇಶ ಅವರಿಗಿದೆ.

ಗುತ್ತಿಗೆ ವೈದ್ಯೆಯ ಕಥೆ ಬೇರೆ. ಕಾರ್ಮಿಕ ಇಲಾಖೆಯ ಆದೇಶ ಗುತ್ತಿಗೆಯವರನ್ನೂ ಸೇರಿಸುತ್ತದೆ, ನಿಜ. ಆದರೆ ಅದು ಆ ಐದು ಕಾಯ್ದೆಗಳ ವ್ಯಾಪ್ತಿಯೊಳಗೆ. ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಂಗಡಿ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡಿರುವುದಿಲ್ಲ. ಹಾಗಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 11 ತಿಂಗಳ ಕರಾರಿನ ಮೇಲೆ ಬಂದವರ ಹಕ್ಕು ನಿಲ್ಲುವುದು ಇಲಾಖೆಯ ಸುತ್ತೋಲೆಯ ಮೇಲೆ, ಕರಾರಿನ ಷರತ್ತಿನ ಮೇಲೆ. ಕರಾರು ನವೀಕರಣ ಯಾರ ಕೈಯಲ್ಲಿದೆಯೋ ಅವರ ಹತ್ತಿರವೇ ರಜೆ ಕೇಳಬೇಕು. ಎಷ್ಟು ಜನ ಗಟ್ಟಿಯಾಗಿ ಕೇಳಿಯಾರು?

ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಒಂದು ತೊಡಕಿದೆ, ಅದು ಚರ್ಚೆಯಲ್ಲಿ ಬಂದದ್ದೇ ಕಡಿಮೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 3ನೇ ಕಲಮು ಕೆಲವು ಸಂಸ್ಥೆಗಳನ್ನು ಹೊರಗಿಟ್ಟಿದೆ. ಅಶಕ್ತರ ಚಿಕಿತ್ಸೆ, ಆರೈಕೆ ಮಾಡುವ ಸಂಸ್ಥೆಗಳು ಅದರಲ್ಲಿವೆ. ಮೂವರಿಗಿಂತ ಹೆಚ್ಚು ಕೆಲಸದವರಿಲ್ಲದ ವೈದ್ಯರ ಕ್ಲಿನಿಕ್ಕುಗಳೂ ಇವೆ. ಅಂದರೆ ಹುಬ್ಬಳ್ಳಿ ವಿದ್ಯಾನಗರದ ಒಂದು ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ‘ಈ ಕಾಯ್ದೆ ನಮಗಲ್ಲ, ಹಾಗಾಗಿ ಈ ಆದೇಶವೂ ನಮಗಲ್ಲ’ ಎಂದು ವಾದಿಸಲು ಜಾಗ ಇದೆ. ಆ ವಾದ ಕೋರ್ಟಿನಲ್ಲಿ ಗೆಲ್ಲುತ್ತದೋ ಇಲ್ಲವೋ ಆಮೇಲಿನ ಮಾತು. ವಾದಕ್ಕೆ ಆಸ್ಪದವಿದೆ ಎಂಬುದೇ ಎಚ್.ಆರ್. ವಿಭಾಗಕ್ಕೆ ಸಾಕು, ಅರ್ಜಿಯನ್ನು ಪಕ್ಕಕ್ಕಿಡಲು.

ಇನ್ನು ಪಿಜಿಗಳು. ಇವರಿಗೆ ಬರುವುದು ಸಂಬಳವಲ್ಲ, ಸ್ಟೈಪೆಂಡ್. ಇವರ ರಜೆ ನಿರ್ಧರಿಸುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ. ಅದರ ಪ್ರಕಾರ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ, ನಿಯಮದಂತೆ ಹೆರಿಗೆ ರಜೆ. ಅದಕ್ಕಿಂತ ಜಾಸ್ತಿ ಆದರೆ ಆದಷ್ಟು ದಿನ ತರಬೇತಿ ಮುಂದಕ್ಕೆ ಹೋಗುತ್ತದೆ. ಹೊಸ ಒಂದು ದಿನ ಈ 20ರ ಒಳಗೋ ಹೊರಗೋ ಎಂಬುದನ್ನು ಕಾಲೇಜು, ವಿಶ್ವವಿದ್ಯಾಲಯ ಬರೆದು ತಿಳಿಸಬೇಕು. ಇಲ್ಲವಾದರೆ ಹಳೆಯ ಪದ್ಧತಿಯೇ ಮುಂದುವರಿಯುತ್ತದೆ: ಕೆಲಸ ಹೇಳುವಾಗ ಅವಳು ಡಾಕ್ಟರು, ರಜೆ ಕೇಳಿದಾಗ ವಿದ್ಯಾರ್ಥಿನಿ.

ಸ್ವಂತ ನರ್ಸಿಂಗ್ ಹೋಮ್ ಇರುವವರಿಗೆ ಯಾವ ಆದೇಶವೂ ಇಲ್ಲ. ಅವರ ಮಾತು ಮುಂದೆ ಬರುತ್ತದೆ.

ಲೇಬರ್ ವಾರ್ಡಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ದೊಡ್ಡಾಸ್ಪತ್ರೆಗಳಿಗೆ ಅವಳಿ ನಗರದವರಷ್ಟೇ ಬರುವುದಿಲ್ಲ. ಜನ ಇನ್ನೂ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಈಗ ಗದಗಿನಲ್ಲೂ ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ಇಲ್ಲ, ರಕ್ತ ಇಲ್ಲ ಎಂದಾದರೆ ಕೇಳಿಬರುವ ಮಾತು ಅದೇ: “ಹುಬ್ಬಳ್ಳಿಗಿ ಒಯ್ರಿ.” ಈ ಆಂಬುಲೆನ್ಸುಗಳಿಗೆ ಹಗಲು-ರಾತ್ರಿ ಎಂಬುದಿಲ್ಲ.

ಸ್ತ್ರೀರೋಗ ಮತ್ತು ಹೆರಿಗೆ ವಿಭಾಗದಲ್ಲಿ ಇರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದಕ್ಕೆ ಕಾರಣ ಹೊರಗಿನ ಬೇಡಿಕೆಯೂ ಹೌದು. ಒಪಿಡಿ ಕೌಂಟರಿನಲ್ಲಿ ಮನೆಯವರು ಕೇಳುವ ಮೊದಲ ಪ್ರಶ್ನೆಯೇ “ಲೇಡಿ ಡಾಕ್ಟರ್ ಅದಾರೇನ್ರಿ?” ಇದರ ಪರಿಣಾಮ ಏನೆಂದರೆ, ಮುಟ್ಟಿನ ರಜೆಯಾಗಲಿ ಹೆರಿಗೆ ರಜೆಯಾಗಲಿ, ಎಲ್ಲವೂ ಒಂದೇ ವಿಭಾಗದ ಮೇಲೆ ಬೀಳುತ್ತವೆ. ಮೂಳೆ ವಿಭಾಗದಲ್ಲಿ ಒಬ್ಬಿಬ್ಬರು ವೈದ್ಯೆಯರಿದ್ದರೆ ಅವರ ರಜೆ ಯಾರಿಗೂ ಗೊತ್ತಾಗುವುದಿಲ್ಲ. ಹೆರಿಗೆ ವಿಭಾಗದಲ್ಲಿ ಹಾಗಲ್ಲ.

ಇದು ನಡೆಯುವ ಬಗೆ ನೋಡಿ. ಡ್ಯೂಟಿ ಚಾರ್ಟ್ ತಿಂಗಳ ಮೊದಲೇ ಗೋಡೆಗೆ ಅಂಟುತ್ತದೆ. ಹೊಟ್ಟೆನೋವು ಮಾತ್ರ ಚಾರ್ಟ್ ನೋಡಿ ಬರುವುದಿಲ್ಲ. ಬೆಳಿಗ್ಗೆ ನೋವು ಶುರುವಾದರೆ ಪಿಜಿ ಮೊದಲು ಮಾಡಬೇಕಾದ ಕೆಲಸ ತನ್ನ ಬದಲಿಗೆ ಬರುವವರನ್ನು ತಾನೇ ಹುಡುಕುವುದು. ಆಗಷ್ಟೇ ನೈಟ್ ಡ್ಯೂಟಿ ಮುಗಿಸಿದ ಗೆಳತಿಗೆ ಫೋನ್ ಹೋಗುತ್ತದೆ. ಅವಳ 24 ಗಂಟೆ 36 ಆಗುತ್ತದೆ. ಮುಂದಿನ ವಾರ ಇವಳು ಆ ಸಾಲ ತೀರಿಸಬೇಕು. ಎರಡು ಸಲ ಹೀಗಾದ ಮೇಲೆ ಯಾರೂ ರಜೆ ಕೇಳುವುದಿಲ್ಲ. ಒಂದು ಮಾತ್ರೆ ನುಂಗಿ ರೌಂಡ್ಸಿಗೆ ನಿಲ್ಲುವುದೇ ಸುಲಭ ಅನ್ನಿಸುತ್ತದೆ. ವರ್ಷದ ಕೊನೆಗೆ ದಾಖಲೆ ತೆಗೆದರೆ ರಜೆ ಬಳಸಿದವರ ಸಂಖ್ಯೆ ಸೊನ್ನೆಯ ಹತ್ತಿರ. ಆಗ ಆಡಳಿತ ಹೇಳುತ್ತದೆ: ನೋಡಿ, ಬೇಡಿಕೆಯೇ ಇಲ್ಲ!

ಹಾಗಾದರೆ ಬದಲಿ ವೈದ್ಯರನ್ನು ಕೊಡುವುದು ಅಷ್ಟು ದುಬಾರಿಯೇ? ಒಂದು ಲೆಕ್ಕ ಹಾಕೋಣ. ವಾರದ ರಜೆ, ಹಬ್ಬ, ಸಾಂದರ್ಭಿಕ ರಜೆ ಕಳೆದರೆ ಒಬ್ಬ ವೈದ್ಯರು ವರ್ಷಕ್ಕೆ ಸುಮಾರು 280-290 ದಿನ ಕೆಲಸ ಮಾಡುತ್ತಾರೆ. 24 ವೈದ್ಯೆಯರು ತಲಾ 12 ದಿನ ಪೂರ್ತಿ ರಜೆ ತೆಗೆದುಕೊಂಡರೂ ಒಟ್ಟು 288 ದಿನ. ಅಂದರೆ 24 ಜನರಿಗೆ ಒಬ್ಬರು ಹೆಚ್ಚುವರಿ ಇದ್ದರೆ ಸಾಕು. ಎಲ್ಲರೂ ಎಲ್ಲ ತಿಂಗಳೂ ರಜೆ ಹಾಕುವುದಿಲ್ಲ ಎಂಬುದನ್ನು ಸೇರಿಸಿದರೆ ಅಷ್ಟೂ ಬೇಕಾಗದು. ದೊಡ್ಡ ಆಸ್ಪತ್ರೆಗೆ ಇದು ಭಾರವೇನಲ್ಲ.

ಲೆಕ್ಕ ಕೆಡುವುದು ಸಣ್ಣ ಊರಿನಲ್ಲಿ. ಹಾವೇರಿ ಜಿಲ್ಲೆಯಲ್ಲಿ 8 ತಾಲೂಕು, ಗದಗಿನಲ್ಲಿ 7. ಹಿರೇಕೆರೂರು, ಶಿರಹಟ್ಟಿಯಂಥ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞೆ ಒಬ್ಬರೇ ಇದ್ದರೆ 24ರಲ್ಲಿ ಒಂದು ಪಾಲು ಡಾಕ್ಟರನ್ನು ಕಳಿಸಲು ಬರುವುದಿಲ್ಲ. ಅಲ್ಲಿ ಒಬ್ಬರ ರಜೆ ಎಂದರೆ ಆ ದಿನ ಸಿಸೇರಿಯನ್ ಇಲ್ಲ, ಬಾಣಂತಿಯಾಗಬೇಕಾದವಳು ಜಿಲ್ಲಾ ಕೇಂದ್ರಕ್ಕೆ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ ಬದಲಿ ವೈದ್ಯರ ಒಂದು ಸಣ್ಣ ತಂಡ ಇಡಬೇಕು. ರಜೆ ಇರುವ ಕಡೆಗೆ ಅವರು ಹೋಗುವಂತಾಗಬೇಕು. ಆದೇಶದ ಬಗ್ಗೆ ಆದಷ್ಟು ಚರ್ಚೆ ಈ ತಂಡದ ಬಗ್ಗೆ ಆಗಲೇ ಇಲ್ಲ. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇಲ್ಲಿದೆ.

48 ಗಂಟೆಯಿಂದ 74ಕ್ಕೆ

ರಜೆಯ ಹಿಂದೆ ಇರುವುದು ಗಂಟೆಗಳ ಪ್ರಶ್ನೆ. ಆಸ್ಪತ್ರೆಯಲ್ಲೇ ದುಡಿಯುತ್ತ ತರಬೇತಿ ಪಡೆಯುವ ರೆಸಿಡೆಂಟ್ ವೈದ್ಯರಿಗಾಗಿ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆಯ ನಿರ್ದೇಶನ 1992ರಲ್ಲೇ ಬಂದಿತ್ತು. ಸಾಮಾನ್ಯವಾಗಿ ಒಂದೇ ಸಲಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದಿತ್ತು. 2023ರ ನಿಯಮಾವಳಿಯಲ್ಲಿ ಅಂಕಿಯೇ ಇಲ್ಲ. ‘ಸಮಂಜಸವಾದ’ ಕೆಲಸದ ಅವಧಿ, ‘ಸಮಂಜಸವಾದ’ ವಿಶ್ರಾಂತಿ ಎಂದಷ್ಟೇ ಇದೆ. ಸಮಂಜಸ ಎಂದರೆ ಎಷ್ಟು ಎಂಬುದನ್ನು ವಿಭಾಗದ ಮುಖ್ಯಸ್ಥರೇ ತೀರ್ಮಾನಿಸುತ್ತಾರೆ.

2024ರ ಆಗಸ್ಟ್‌ನಲ್ಲಿ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಯಲ್ಲಿ 5,337 ಪಿಜಿಗಳು ಉತ್ತರಿಸಿದ್ದರು. ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದು ಶೇ 15.3ರಷ್ಟು ಪಿಜಿಗಳು ಹೇಳಿಕೊಂಡರು. ಎಂಬಿಬಿಎಸ್ ಓದುತ್ತಿರುವವರಲ್ಲಿ ಅದು ಶೇ 27.8. ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು, ದಿನಕ್ಕೆ 7-8 ಗಂಟೆ ನಿದ್ದೆ ಸಿಗಬೇಕು ಎಂದು ಕಾರ್ಯಪಡೆ ಶಿಫಾರಸು ಮಾಡಿತು.

ಈ 74ನ್ನು ಸ್ವಲ್ಪ ಬಿಡಿಸಿ ನೋಡಿ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 12 ಗಂಟೆ 20 ನಿಮಿಷ. ನಿದ್ದೆ 7 ಗಂಟೆ ಎಂದಿಟ್ಟುಕೊಂಡರೆ ಉಳಿಯುವುದು ನಾಲ್ಕೂವರೆ ಗಂಟೆ ಚಿಲ್ಲರೆ. ಊಟ, ಸ್ನಾನ, ಓಡಾಟ, ಪರೀಕ್ಷೆಯ ಓದು, ಥೀಸಿಸ್ ಎಲ್ಲ ಅದರಲ್ಲೇ ಆಗಬೇಕು. ಇದಕ್ಕೆ ಇನ್ನೊಂದು ಅಂಕಿ ಸೇರಿಸಿ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಎಲ್ಲ ಹೆಣ್ಣುಮಕ್ಕಳ ಸರಾಸರಿ, ವೈದ್ಯೆಯರದ್ದೇ ಅಲ್ಲ. ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿಗೆ ಕಡಿಮೆ ಇದ್ದೀತು. ಆದರೂ ಕೂಡಿಸಿ ನೋಡಿ: 12 ಗಂಟೆ 20 ನಿಮಿಷ, 7 ಗಂಟೆ ನಿದ್ದೆ, 4 ಗಂಟೆ 49 ನಿಮಿಷ ಮನೆಗೆಲಸ. ದಿನವೇ ಮುಗಿದು 9 ನಿಮಿಷ ಸಾಲ!

ಇಷ್ಟೆಲ್ಲ ಇರುವಾಗ ಆಸ್ಪತ್ರೆಗಳು ವೈದ್ಯರ ದಿನಾಚರಣೆಗೆ ಯೋಗ ಶಿಬಿರ, ‘ಒತ್ತಡ ನಿರ್ವಹಣೆ’ ಉಪನ್ಯಾಸ ಇಡುತ್ತವೆ. ಯೋಗದಲ್ಲಿ ತಪ್ಪೇನಿಲ್ಲ. ಆದರೆ ನೈಟ್ ಡ್ಯೂಟಿ ಮುಗಿಸಿದವಳಿಗೆ ಬೆಳಿಗ್ಗೆ 7ರ ಯೋಗ ಇನ್ನೊಂದು ಡ್ಯೂಟಿ, ಅಷ್ಟೇ.

ಹಿರಿಯರ ವಾದದಲ್ಲೂ ಹುರುಳಿದೆ

ಗಂಟೆ ಕಡಿಮೆ ಮಾಡಿ ಎಂದ ಕೂಡಲೇ ಹಿರಿಯ ವೈದ್ಯರು ಕೇಳುವುದು ಕಲಿಕೆಯ ಪ್ರಶ್ನೆ. ರಾತ್ರಿ ಮೂರು ಗಂಟೆಗೆ ಬರುವ ರಕ್ತಸ್ರಾವದ ಕೇಸನ್ನು ಕಣ್ಣಾರೆ ನೋಡದೆ ಹೆರಿಗೆ ತಜ್ಞೆ ಆಗುವುದು ಹೇಗೆ? ಇನ್ನೊಂದು, ಡ್ಯೂಟಿ ಬದಲಾದಷ್ಟೂ ರೋಗಿಯ ವಿವರ ಒಬ್ಬರಿಂದ ಒಬ್ಬರಿಗೆ ದಾಟುವಾಗ ತಪ್ಪುತ್ತದೆ. ಹಿರಿಯ ವೈದ್ಯೆಯರಲ್ಲೂ ಅನೇಕರ ನಿಲುವು ಇದೇ. ‘ನಾವು ಹೀಗೇ ಬಂದವರು’ ಎನ್ನುವ ಮಾತಿನಲ್ಲಿ ಹೆಮ್ಮೆಯೂ ಇದೆ, ನೋವೂ ಇದೆ.

ಈ ವಾದವನ್ನು ಅಮೆರಿಕದಲ್ಲಿ ಪರೀಕ್ಷೆಗೆ ಒಡ್ಡಿದ್ದಾರೆ. ಅಲ್ಲಿ 2003ರಿಂದ ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 80 ಗಂಟೆಯ ಮಿತಿ ಇದೆ. ಆ ಮಿತಿಯೊಳಗೇ ಒಂದೊಂದು ಪಾಳಿಯನ್ನು ಉದ್ದ ಮಾಡಿದರೆ ಏನಾಗುತ್ತದೆ ಎಂದು ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ನೋಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಉದ್ದ ಪಾಳಿಯಿಂದ ರೋಗಿಗಳ ಸ್ಥಿತಿ ಕೆಟ್ಟಿರಲಿಲ್ಲ. ರೋಗಿಯ ಜೊತೆ ಕೊನೆತನಕ ಇರಲು ಆಯಿತು ಎಂಬ ಸಮಾಧಾನವೂ ಆ ವೈದ್ಯರಿಗಿತ್ತು. ಆದರೆ ವಿಶ್ರಾಂತಿಗೆ, ಮನೆಗೆ ಪೆಟ್ಟು ಬಿತ್ತು ಎಂದು ಅವರೇ ಹೇಳಿದರು. ಅಂದರೆ ಉದ್ದ ಪಾಳಿಯ ಬೆಲೆಯನ್ನು ರೋಗಿ ಕೊಡಲಿಲ್ಲ, ವೈದ್ಯರು ಕೊಟ್ಟರು. ಒಂದು ವಿಷಯ ಮರೆಯಬಾರದು: ಅಲ್ಲಿ 80 ಗಂಟೆಯ ಬೇಲಿ ಗಟ್ಟಿಯಾಗಿತ್ತು. ನಮ್ಮಲ್ಲಿ ಬೇಲಿಯೇ ಇಲ್ಲದೆ ಆ ಫಲಿತಾಂಶವನ್ನು ಹಿರಿಯರ ಪರವಾಗಿ ಎತ್ತಿಕೊಳ್ಳುವುದು ಸರಿಯಾಗದು.

ಮುಟ್ಟಿನ ರಜೆಯ ವಿರುದ್ಧ ಇರುವ ವಾದ ಇನ್ನೊಂದು ತರಹದ್ದು. ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಇದನ್ನೇ ಹೇಳಿತ್ತು: ಕಡ್ಡಾಯ ಮಾಡಿದರೆ ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯಬಹುದು, ಇದು ಸರ್ಕಾರ ತೀರ್ಮಾನಿಸಬೇಕಾದ ನೀತಿ. ವೈದ್ಯ ಲೋಕದಲ್ಲಿ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಸಂದರ್ಶನದಲ್ಲಿ ‘ಮದುವೆ ಯಾವಾಗ, ಮಕ್ಕಳ ಯೋಚನೆ ಏನು’ ಎಂಬ ಪ್ರಶ್ನೆ ಹೆಣ್ಣುಮಕ್ಕಳಿಗೆ ಹೊಸದಲ್ಲ. ಆದರೆ ಹೆರಿಗೆ ವಿಭಾಗದಲ್ಲಿ ಈ ವಾದಕ್ಕೆ ಬಲ ಕಡಿಮೆ. ಜನ ಕೇಳುವುದೇ ಲೇಡಿ ಡಾಕ್ಟರನ್ನು. ಅವರನ್ನು ಬಿಟ್ಟು ಯಾರನ್ನು ತೆಗೆದುಕೊಳ್ಳುತ್ತಾರೆ? ಪೆಟ್ಟು ಬೀಳುವುದು ಸರ್ಜರಿ, ಮೂಳೆ, ಹೃದಯದಂಥ ವಿಭಾಗಗಳಲ್ಲಿ. ಅಲ್ಲಿ ಮೊದಲೇ ಹೆಣ್ಣುಮಕ್ಕಳು ಕಡಿಮೆ.

ಕೆಳಗೆ ಆಸ್ಪತ್ರೆ, ಮೇಲೆ ಮನೆ

ವೃತ್ತಿಯಲ್ಲಿ ತೃಪ್ತಿ ಇದೆಯೋ ಇಲ್ಲವೋ ಎಂಬುದನ್ನು ದಣಿವಿನಿಂದ ಮಾತ್ರ ಅಳೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಅದನ್ನು ಕಾಯಿಲೆಯ ಪಟ್ಟಿಗೆ ಸೇರಿಸಲಿಲ್ಲ. ಅದರ ಮೂರು ಲಕ್ಷಣ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೊದಲನೆಯದಕ್ಕೆ ನಿದ್ದೆ, ರಜೆ ಔಷಧ. ಉಳಿದೆರಡಕ್ಕೆ ರಜೆ ಸಾಲದು. ತಾನು ಬಯಸಿದ ಕೆಲಸ ಸಿಗಬೇಕು, ತನ್ನ ಮಾತಿಗೆ ಬೆಲೆ ಇರಬೇಕು.

ಈ ಭಾಗದಲ್ಲಿ ಒಬ್ಬ ವೈದ್ಯೆಯ ದಾರಿ ಸಾಮಾನ್ಯವಾಗಿ ಹೇಗಿರುತ್ತದೆ? ಎಂಬಿಬಿಎಸ್ ಮತ್ತು ಹೌಸ್ ಸರ್ಜನ್‌ಶಿಪ್ ಮುಗಿಯುವಾಗ 23-24 ವರ್ಷ. ರಾಜ್ಯದ ಕಾಯ್ದೆಯಡಿ ಕಡ್ಡಾಯ ಸೇವೆ ಬಂದರೆ ಒಂದು ವರ್ಷ. ನೀಟ್-ಪಿಜಿ ತಯಾರಿಗೆ ಒಂದೋ ಎರಡೋ ವರ್ಷ, ಪಿಜಿ ಮೂರು ವರ್ಷ. ಅಷ್ಟರಲ್ಲಿ 29-30. ಸೂಪರ್ ಸ್ಪೆಷಾಲಿಟಿ ಎಂದರೆ ಇನ್ನೂ ಮೂರು ವರ್ಷ, ಬಹುಪಾಲು ಬೆಂಗಳೂರಿನಲ್ಲೋ ಹೊರರಾಜ್ಯದಲ್ಲೋ. ಮದುವೆ, ಮಗು ಎಂದು ಮನೆಯವರು ಒತ್ತಾಯ ಮಾಡುವುದೂ ಇದೇ ವಯಸ್ಸಿನಲ್ಲಿ. ಗಂಡ ಸರ್ಜನ್ ಆಗಿದ್ದು ಹಾವೇರಿಯಲ್ಲೋ ಲಕ್ಷ್ಮೇಶ್ವರದಲ್ಲೋ ಮಾವನವರ ಜಾಗದಲ್ಲಿ ನರ್ಸಿಂಗ್ ಹೋಮ್ ಶುರು ಮಾಡಿದರೆ, ಅಲ್ಲಿನ ಹೆರಿಗೆ ವಿಭಾಗ ಹೆಂಡತಿಯದು ಎಂದು ಯಾರೂ ಹೇಳದೆಯೇ ತೀರ್ಮಾನವಾಗಿರುತ್ತದೆ.

ನಮ್ಮ ಕಡೆಯ ಸಣ್ಣ ಊರುಗಳ ಆಸ್ಪತ್ರೆ ಎಂದರೆ ಕೆಳಗೆ ಆಸ್ಪತ್ರೆ, ಮೇಲೆ ಮನೆ. ಇದರಲ್ಲಿ ಲಾಭಗಳಿವೆ. ಮಗುವಿಗೆ ಹಾಲುಣಿಸಲು ಐದು ನಿಮಿಷದಲ್ಲಿ ಮೇಲೆ ಹೋಗಿ ಬರಬಹುದು. ರಾತ್ರಿ ಒಬ್ಬಳೇ ರಸ್ತೆಯಲ್ಲಿ ಓಡಾಡಬೇಕಿಲ್ಲ. ಮೇಲಧಿಕಾರಿ ಎಂಬುವರಿಲ್ಲ. ಊರಿನಲ್ಲಿ ಸಿಗುವ ಗೌರವವೂ ದೊಡ್ಡದು, ತಾನು ಹೆರಿಗೆ ಮಾಡಿಸಿದ ಹುಡುಗಿಯೇ ಮುಂದೆ ಹೆರಿಗೆಗೆ ಬರುತ್ತಾಳೆ. ಅದಕ್ಕೆ ತಕ್ಕಂತೆ ನಷ್ಟವೂ ಇದೆ. ಕೆಲಸ ಮುಗಿಯುವ ಹೊತ್ತು ಎಂಬುದಿಲ್ಲ. ಬೆಲ್ ಆದರೆ ಇಳಿಯಬೇಕು. ಊರಿನ ಮದುವೆಗೆ ಹೋದರೂ ಫೋನ್ ಕೈಯಲ್ಲೇ. ಎರಡು ದಿನ ಊರು ಬಿಡಬೇಕೆಂದರೆ ಒಂಬತ್ತು ತಿಂಗಳು ತುಂಬಿದ ಬಸುರಿಯರ ಪಟ್ಟಿ ನೋಡಬೇಕು. ಇವರಿಗೆ ಮುಟ್ಟಿನ ರಜೆ ಕೊಡುವವರು ಯಾರೂ ಇಲ್ಲ. ಒಂದೇ ಊರಿನ ಮೂರ್ನಾಲ್ಕು ಹೆರಿಗೆ ತಜ್ಞೆಯರು ಸರದಿಯ ಮೇಲೆ ಭಾನುವಾರ, ರಾತ್ರಿಗಳನ್ನು ಹಂಚಿಕೊಳ್ಳುವುದು ಕಾಗದದ ಮೇಲೆ ಸುಲಭ. ಆದರೆ ರೋಗಿ ಎದುರಿನ ಆಸ್ಪತ್ರೆಯಲ್ಲೇ ಉಳಿದುಬಿಟ್ಟರೆ ಎಂಬ ಭಯ ಅದನ್ನು ಆಗಗೊಡುವುದಿಲ್ಲ.

ದೊಡ್ಡ ಆಸ್ಪತ್ರೆಯ ಕನ್ಸಲ್ಟೆಂಟ್‌ಗೆ ಬೇರೆ ಪೇಚು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಾಥಮಿಕ ಚಿಕಿತ್ಸೆಯ ಮಹಿಳಾ ವೈದ್ಯರು ಪ್ರತಿ ರೋಗಿಗೆ ಪುರುಷ ವೈದ್ಯರಿಗಿಂತ ಶೇ 15.7ರಷ್ಟು ಹೆಚ್ಚು ಸಮಯ ಕೊಟ್ಟಿದ್ದು ಕಂಡುಬಂತು. ನೋಡಿದ ರೋಗಿಗಳ ಸಂಖ್ಯೆ ಕಡಿಮೆಯಾಗಿ, ಅವರ ಭೇಟಿಗಳಿಂದ ಬಂದ ವರಮಾನ ಶೇ 10.9ರಷ್ಟು ಕಡಿಮೆ ಇತ್ತು. ನಮ್ಮಲ್ಲೂ ಕನ್ಸಲ್ಟೆಂಟ್‌ಗಳ ಆದಾಯ ಅನೇಕ ಕಡೆ ರೋಗಿಗಳ ಎಣಿಕೆಯ ಮೇಲೆ ನಿಂತಿದೆ. ಹೆಣ್ಣುಮಕ್ಕಳು ಲೇಡಿ ಡಾಕ್ಟರ್ ಮುಂದೆ ಹೊಟ್ಟೆನೋವಿನಿಂದ ಶುರು ಮಾಡಿ ಅತ್ತೆಮನೆಯ ಸಂಕಟದವರೆಗೆ ಹೇಳಿಕೊಳ್ಳುತ್ತಾರೆ. ಆ ಮಾತು ಕೇಳುವುದೂ ಚಿಕಿತ್ಸೆಯೇ. ಆದರೆ ಅದಕ್ಕೆ ಬಿಲ್ ಇಲ್ಲ.

ಕೋಣೆ ಮತ್ತು ಚಿಲಕ

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಸೆಮಿನಾರ್ ಹಾಲ್‌ನಲ್ಲಿ ಪಿಜಿ ವೈದ್ಯೆಯ ಶವ ಸಿಕ್ಕಿತು. 36 ಗಂಟೆಗಳ ಡ್ಯೂಟಿಯ ನಡುವೆ ಅವರು ಅಲ್ಲಿ ಮಲಗಿದ್ದರು. ಮಲಗಲು ಬೇರೆ ಕೋಣೆ ಇದ್ದಿದ್ದರೆ ಎಂಬ ಪ್ರಶ್ನೆ ಆಗ ದೇಶವೆಲ್ಲ ಕೇಳಿತು. ಅದೇ ತಿಂಗಳು ಭಾರತೀಯ ವೈದ್ಯಕೀಯ ಸಂಘದ ಕೇರಳ ಘಟಕ ನಡೆಸಿದ ಆನ್‌ಲೈನ್ ಸಮೀಕ್ಷೆಗೆ 3,885 ವೈದ್ಯರು ಉತ್ತರಿಸಿದರು. ಅವರಲ್ಲಿ ಶೇ 45ರಷ್ಟು ಜನರಿಗೆ ರಾತ್ರಿ ಡ್ಯೂಟಿ ಕೋಣೆಯೇ ಇರಲಿಲ್ಲ. ರಾತ್ರಿ ಪಾಳಿಯಲ್ಲಿ ಭಯ ಆಗುತ್ತದೆ ಎಂದವರು ಶೇ 35ಕ್ಕಿಂತ ಹೆಚ್ಚು.

ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಹಲ್ಲೆ ತಡೆಯಲು ಪ್ರತ್ಯೇಕ ಕೇಂದ್ರ ಕಾಯ್ದೆ ಬೇಕಿಲ್ಲ, ರಾಜ್ಯಗಳ ಕಾಯ್ದೆಗಳು ಮತ್ತು ಭಾರತೀಯ ನ್ಯಾಯ ಸಂಹಿತೆ ಸಾಕು ಎಂಬ ಅಭಿಪ್ರಾಯ ಅದರದ್ದು. ಕರ್ನಾಟಕದಲ್ಲಿ ಅಂಥ ಕಾಯ್ದೆ 2009ರಿಂದಲೇ ಇದೆ. ವೈದ್ಯ ಸಂಘಗಳಿಗೆ ಇದು ಸಮಾಧಾನ ತರಲಿಲ್ಲ. ಶಿಕ್ಷೆಯ ಕಾಯ್ದೆ ಕೆಲಸಕ್ಕೆ ಬರುವುದು ಏಟು ಬಿದ್ದ ಮೇಲೆ. ಒಳಗಿನಿಂದ ಹಾಕುವ ಚಿಲಕ, ವಾರ್ಡಿನ ಹತ್ತಿರವೇ ಹೆಣ್ಣುಮಕ್ಕಳಿಗೆ ಶೌಚಾಲಯ, ಹಾಸ್ಟೆಲಿನವರೆಗೆ ಬೆಳಕಿರುವ ದಾರಿ, ಇವು ಏಟಿಗೆ ಮುಂಚೆ ಬೇಕಾದವು.

ಶೌಚಾಲಯದ ಮಾತು ಸಣ್ಣದು ಅನ್ನಿಸಬಹುದು. ಆಪರೇಷನ್ ಥಿಯೇಟರಿನಲ್ಲಿ ನಾಲ್ಕೈದು ಗಂಟೆ ನಿಲ್ಲಬೇಕಾದವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನೀರು ಕಡಿಮೆಯಾಗಿ, ಮೂತ್ರ ತಡೆದುಕೊಂಡರೆ ಸೋಂಕು ತಗಲುವ ಅಪಾಯ ಜಾಸ್ತಿ. ಮುಟ್ಟಿನ ದಿನಗಳಲ್ಲಂತೂ ಹೇಳುವುದೇ ಬೇಡ. ಒಂದು ಸ್ವಚ್ಛ ಶೌಚಾಲಯ, ರಾತ್ರಿ ಎರಡಕ್ಕೆ ಬಿಸಿ ಊಟ ಸಿಗುವ ಕ್ಯಾಂಟೀನು, ಇವೆರಡೇ ಇದ್ದರೂ ಎಷ್ಟೋ ಉಪನ್ಯಾಸಗಳಿಗಿಂತ ಮೇಲು.

ವೈದ್ಯೆಗೆ ಯಾರು ಡಾಕ್ಟರು?

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 19ನೇ ಶತಮಾನದಲ್ಲೇ ಮಾನಸಿಕ ಆಸ್ಪತ್ರೆಯಾಗಿ ಶುರುವಾದ ಸಂಸ್ಥೆ. ಮಾನಸಿಕ ಚಿಕಿತ್ಸೆ ಈ ಭಾಗಕ್ಕೆ ದೂರದ ಮಾತಲ್ಲ. ಆದರೂ ವೈದ್ಯೆಯರು ನೆರವು ಕೇಳಲು ಹಿಂಜರಿಯುತ್ತಾರೆ. ಇಲ್ಲಿಯ ವೈದ್ಯ ಲೋಕ ಚಿಕ್ಕದು. ಒಪಿಡಿಯಲ್ಲಿ ಎದುರಿಗೆ ಕೂತವರು ಬ್ಯಾಚ್‌ಮೇಟ್ ಆಗಿರಬಹುದು, ಸೀನಿಯರ್ ಆಗಿರಬಹುದು. ಮದುವೆ ಆಗದಿದ್ದರೆ ‘ಸುದ್ದಿ ಮನೆಯತನಕ ಹೋದರೆ?’ ಎಂಬ ಅಂಜಿಕೆ. ಮದುವೆ ಆಗಿದ್ದರೆ ‘ಪ್ರಾಕ್ಟೀಸಿಗೆ ಪೆಟ್ಟು ಬಿದ್ದರೆ?’ ಎಂಬ ಅಂಜಿಕೆ. ಹೀಗಾಗಿ ತಾನೇ ಮಾತ್ರೆ ಬರೆದುಕೊಳ್ಳುವುದು, ಅಪಾಯ ಅಲ್ಲಿಂದ ಶುರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಇದೆ. ಪರಿಚಯದವರ ಮುಂದೆ ಕೂರಬೇಕಿಲ್ಲ ಎಂಬುದೇ ಅದರ ದೊಡ್ಡ ಅನುಕೂಲ. ಆಸ್ಪತ್ರೆಗಳೂ ತಮ್ಮ ವೈದ್ಯರನ್ನು ತಮ್ಮದೇ ಮನೋರೋಗ ವಿಭಾಗಕ್ಕೆ ಕಳಿಸುವ ಬದಲು ಇನ್ನೊಂದು ಊರಿನ ಸಂಸ್ಥೆಯ ಜೊತೆ ವ್ಯವಸ್ಥೆ ಮಾಡಿಕೊಳ್ಳಬಹುದು. ಗದಗಿನವರು ಧಾರವಾಡಕ್ಕೆ, ಧಾರವಾಡದವರು ಬೇರೆ ಕಡೆಗೆ.

ಮುಂದೆ ಏನಾಗಬಹುದು

ಕೋರ್ಟಿನಲ್ಲಿ ಆದೇಶ ಬಿದ್ದರೆ ಸರ್ಕಾರಕ್ಕೆ ಉಳಿಯುವ ದಾರಿ ಕಾಯ್ದೆ ಮಾಡುವುದು. ಆಗ ಆಸ್ಪತ್ರೆಗಳನ್ನು ಹೆಸರು ಹೇಳಿ ಸೇರಿಸುವ ಅವಕಾಶ ಸಿಗುತ್ತದೆ. ಆದೇಶ ಗೆದ್ದರೆ ಕಾಯಂ ವೈದ್ಯೆಯರಿಗೆ ಹಕ್ಕು ಗಟ್ಟಿಯಾಗುತ್ತದೆ. ಗುತ್ತಿಗೆಯವರು, ಪಿಜಿಗಳು ಮಾತ್ರ ಈಗ ಇರುವಲ್ಲೇ ಇರುತ್ತಾರೆ. ಖಾಸಗಿ ಆಸ್ಪತ್ರೆಗಳು ಎರಡರಲ್ಲಿ ಒಂದು ಮಾಡಬಹುದು: ಕೆಲವು ರಜೆ ಕೊಟ್ಟು ಅದನ್ನು ವೈದ್ಯರನ್ನು ಸೆಳೆಯುವ ಜಾಹೀರಾತು ಮಾಡಿಕೊಳ್ಳಬಹುದು, ಕೆಲವು ವೈದ್ಯೆಯರನ್ನು ಸಂಬಳದ ಬದಲು ‘ಕನ್ಸಲ್ಟೆನ್ಸಿ’ ಒಪ್ಪಂದಕ್ಕೆ ತಳ್ಳಬಹುದು. ಎರಡನೆಯದು ನಡೆದರೆ ಮುಟ್ಟಿನ ರಜೆಯೊಂದೇ ಅಲ್ಲ, 26 ವಾರಗಳ ಹೆರಿಗೆ ಸೌಲಭ್ಯವೂ ಕೈತಪ್ಪುವ ಅಪಾಯವಿದೆ. ಹಾಗಾಗಿ ಈ ಬದಲಾವಣೆಯ ಮೇಲೆ ಕಣ್ಣಿಡಬೇಕು.

ಸರ್ಕಾರಿ ಕಡೆಯಲ್ಲಿ ನೋಡಬೇಕಾದ್ದು ಒಂದೇ, ಮುಂದಿನ ನೇಮಕಾತಿ ಪಟ್ಟಿಯಲ್ಲಿ ಬದಲಿ ವೈದ್ಯರ ಹುದ್ದೆಗಳಿವೆಯೋ ಇಲ್ಲವೋ. ಇಲ್ಲದಿದ್ದರೆ ರಜೆ ಹೆಚ್ಚು ಸಿಗುವುದು ಎಂಟು ಜನ ಕೂತು ಕೆಲಸ ಮಾಡುವ ಕಚೇರಿಗಳಲ್ಲಿ, ಕಡಿಮೆ ಸಿಗುವುದು ಲೇಬರ್ ವಾರ್ಡಿನಲ್ಲಿ.

ಗುತ್ತಿಗೆ ವೈದ್ಯೆಯರಿಗೆ ಒಂದು ಹಳೆಯ ತೀರ್ಪು ನೆನಪಿನಲ್ಲಿರಲಿ. ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಸೀನಿಯರ್ ರೆಸಿಡೆಂಟ್ ಆಗಿದ್ದ ವೈದ್ಯೆಗೆ ‘ಕರಾರು ಮುಗಿಯಿತು’ ಎಂದು ಹೆರಿಗೆ ಸೌಲಭ್ಯ ತಪ್ಪಿಸಿದ್ದರು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಕರಾರಿನ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ. ಮುಟ್ಟಿನ ರಜೆಗೆ ಆ ತೀರ್ಪು ನೇರವಾಗಿ ಅನ್ವಯಿಸದು, ಹೆರಿಗೆ ಸೌಲಭ್ಯಕ್ಕೆ ಕಾಯ್ದೆಯ ಬೆಂಬಲವಿದೆ. ಆದರೆ ಕರಾರು ನವೀಕರಣದ ಹೊತ್ತಿನಲ್ಲಿ ಎರಡೂ ರಜೆಗಳ ಬಗ್ಗೆ ಬರೆದು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಉತ್ತರ ಬಂದರೆ ಸರಿ, ಬರದಿದ್ದರೂ ಆ ಪ್ರತಿ ಮುಂದೆ ಕೆಲಸಕ್ಕೆ ಬರುತ್ತದೆ.